ಅಪ್ಪನನ್ನು ಬಾಸೆಲ್‌ನ ಮಿಶನ್ ಮನೆಗೆ ಕರೆದುಕೊಂಡು ಹೋಗಬೇಕೆಂದಿದ್ದೇನೆ, ಅಲ್ಲಿ ನೋಡುವಂಥದ್ದು ಏನಿದೆ?

ನಿಮ್ಮ ತಂದೆಗೆ 72 ವರ್ಷ, ಬಾಸೆಲ್ ಮಿಶನ್ ಎಂಬ ಕ್ರೈಸ್ತ ಮಿಶನರಿ ಸಂಸ್ಥೆಗೆ ಸೇರಿದ ಮಂಗಳೂರಿನ ಹಳೆಯ ಕುಟುಂಬ, ಸ್ವಿಟ್ಜರ್ಲೆಂಡಿನಲ್ಲಿರುವ ಅದರ ಮೂಲ ಮನೆಯನ್ನು ಒಮ್ಮೆ ನೋಡಬೇಕೆಂಬ ಆಸೆ, ಅಷ್ಟು ಹಣ ಸುರಿದು ಹೋದರೆ ಅಲ್ಲಿ ಏನಾದರೂ ಉಳಿದಿದೆಯೇ ಎಂದು ಕೇಳಿದ್ದೀರಿ. ಉಳಿದಿದೆ. ಅವರ ಕಾಲು ಗಟ್ಟಿಯಿರುವಾಗಲೇ ಹೋಗಿ ಬನ್ನಿ. ಮಂಗಳೂರಿನ ಒಂದು ಪ್ರೆಸ್ಸಿನಲ್ಲಿ ಮೂವತ್ತು ವರ್ಷ ಅಚ್ಚಿನ ಮೊಳೆ ಜೋಡಿಸಿದ ನನ್ನ ಅಪ್ಪನೊಡನೆ ನಾನು ಅಲ್ಲಿ ಮೂರು ದಿನ ಇದ್ದೆ.

ಆದರೆ ಮುತ್ತಜ್ಜನ ಹೆಸರು ಅಲ್ಲಿ ಸಿಕ್ಕೇ ಸಿಗುತ್ತದೆ ಎಂದು ಅವರಲ್ಲಿ ಆಸೆ ಹುಟ್ಟಿಸಬೇಡಿ. ಅಲ್ಲಿನ ದಾಖಲೆಗಳ ಕೋಣೆಯಲ್ಲಿರುವುದು ಹೆಚ್ಚಾಗಿ ಮಿಶನರಿಗಳು ತಮ್ಮ ಸಮಿತಿಗೆ ಬರೆದ ಪತ್ರಗಳು, ವರದಿಗಳು. ಭಾಷೆ ಜರ್ಮನ್, ಅದೂ ಇಂದಿನ ಜರ್ಮನ್ನರೇ ತಡವರಿಸುವ ಹಳೆಯ ಕೈಬರಹ. ಮಿಶನರಿಯ ಹುಟ್ಟೂರು, ಮದುವೆ, ಮರಣ ಎಲ್ಲವೂ ದಾಖಲಾಗಿವೆ. ನಮ್ಮವರು ಎಷ್ಟೋ ಕಡೆ ಬರೀ ‘ಉಪದೇಶಿ’ (ಧರ್ಮಬೋಧನೆಯ ಸಹಾಯಕ), ಬರೀ ‘ಕೆಲಸಗಾರ’. ಇದು ನನಗೆ ಈಗಲೂ ನೋವಿನ ಸಂಗತಿ. ಹೆಸರು ಹುಡುಕುವುದಿದ್ದರೆ ಮೊದಲು ನಿಮ್ಮ ಚರ್ಚಿನ ದೀಕ್ಷಾಸ್ನಾನದ ರಿಜಿಸ್ಟರು ನೋಡಿ, ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಸಂಗ್ರಹದಲ್ಲಿ ವಿಚಾರಿಸಿ.

ಬಾಸೆಲ್‌ನಲ್ಲಿ ಸ್ಪಾಲೆನ್‌ಟೋರ್ ಎಂಬ ಮಧ್ಯಯುಗದ ಕೋಟೆಬಾಗಿಲಿದೆ. ಅಲ್ಲಿಂದ ಹೊರಡುವ ರಸ್ತೆಯ ಹೆಸರೇ ಮಿಶನ್ಸ್‌ಸ್ಟ್ರಾಸ್ಸೆ. ಅದರ 21ನೆಯ ನಂಬರಿನದು ಈ ಮನೆ, 1860ರದು. ಮಿಶನ್ ಹುಟ್ಟಿದ್ದು 1815ರಲ್ಲಿ. ಅದರ ಮೊದಲ ಮಿಶನರಿಗಳಾದ ಹೆಬಿಕ್, ಲೇನರ್, ಗ್ರೈನರ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಅಂದರೆ ಆ ಮೂವರು ಹೊರಟದ್ದು ಈ ಬಾಗಿಲಿನಿಂದ ಅಲ್ಲ, ಅಪ್ಪನಿಗೆ ಮೊದಲೇ ಹೇಳಿಬಿಡಿ. ಕಟ್ಟಡದ ಒಂದು ಭಾಗ ಈಗ ಹೋಟೆಲು. ನಾವು ಅಲ್ಲಿಯೇ ತಂಗಿದ್ದರಿಂದ ಮಧ್ಯಾಹ್ನ ಅಪ್ಪನಿಗೆ ಒಂದು ಗಂಟೆ ಮಲಗಲು ಅನುಕೂಲವಾಯಿತು.

ಎರಡನೆಯ ದಿನ ದಾಖಲೆಗಳ ಕೋಣೆಯಲ್ಲಿ ಮಂಗಳೂರಿನ ಪ್ರೆಸ್ಸಿನ ಒಂದು ಹಳೆಯ ಚಿತ್ರ ಕೇಳಿ ತರಿಸಿಕೊಂಡೆವು. ಕೆಳಗಿನ ಬರಹದಲ್ಲಿ ಊರಿನ ಹೆಸರಿತ್ತು, ಜನರ ಹೆಸರಿರಲಿಲ್ಲ. ಅಪ್ಪ ಕನ್ನಡಕ ತೆಗೆದು ಕಣ್ಣನ್ನು ಚಿತ್ರದ ಹತ್ತಿರ ತಂದರು. “ಇವನು ಕಂಪೋಸ್ ಮಾಡುತ್ತಿಲ್ಲ, ಮೊಳೆ ಬಿಡಿಸಿ ಕೇಸಿಗೆ ಹಾಕುತ್ತಿದ್ದಾನೆ. ಎಡಗೈ ನೋಡು, ಸ್ಟಿಕ್ ಇಲ್ಲ, ಸಾಲು ಹಿಡಿದಿದ್ದಾನೆ” ಎಂದರು. ಕೇಸು ಎಂದರೆ ಮೊಳೆಗಳನ್ನಿಡುವ ಮನೆಮನೆಯ ಪೆಟ್ಟಿಗೆ, ಸ್ಟಿಕ್ ಎಂದರೆ ಮೊಳೆ ಜೋಡಿಸುವಾಗ ಎಡಗೈಯಲ್ಲಿ ಹಿಡಿಯುವ ಪಟ್ಟಿ. ಆಮೇಲೆ ಬೆರಳು ಗಾಜಿಗೆ ತಾಗದಂತೆ ಗಾಳಿಯಲ್ಲೇ ತೋರಿಸುತ್ತ, ಒತ್ತಕ್ಷರದ ಮೊಳೆಗಳಿಗೆ ಬೇರೆ ಮನೆಗಳು, ಅದಕ್ಕೇ ಕನ್ನಡದ ಕೇಸು ಇಂಗ್ಲಿಷಿನದಕ್ಕಿಂತ ದೊಡ್ಡದು ಎಂದು ವಿವರಿಸಿದರು. ನಾನು ಇಂಗ್ಲಿಷಿಗೆ ತಿರುಗಿಸಿ ಹೇಳುತ್ತಿದ್ದೆ. ಅಲ್ಲಿನ ಸಿಬ್ಬಂದಿ ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಿದ್ದರು. 1843ರ ‘ಮಂಗಳೂರ ಸಮಾಚಾರ’ ಪತ್ರಿಕೆಯನ್ನು ಮಿಶನರಿ ಮೋಗ್ಲಿಂಗ್ ಹೊರಡಿಸಿದ್ದು, 1894ರಲ್ಲಿ ಕಿಟ್ಟೆಲ್ ನಿಘಂಟು ಅಚ್ಚಾದದ್ದು ನನಗೂ ಗೊತ್ತಿತ್ತು. ಆ ನಿಘಂಟಿನ ಒಂದೊಂದು ಮೊಳೆಯನ್ನೂ ಎತ್ತಿಟ್ಟ ಬೆರಳುಗಳು ಇಂಥವರವು ಎಂದು ನನಗೆ ಹೊಳೆದದ್ದು ಆ ಮೇಜಿನ ಮುಂದೆ. ಮನೆಯಲ್ಲಿ ಅಪ್ಪ ತಮ್ಮ ಕೆಲಸದ ಬಗ್ಗೆ ಇಷ್ಟು ಮಾತನಾಡಿದ್ದನ್ನು ನಾನು ಕೇಳಿರಲಿಲ್ಲ, ಕೇಳಬೇಕೆಂದು ನನಗೂ ತೋಚಿರಲಿಲ್ಲ.

ಇನ್ನೊಂದು ವಿಷಯ ಅವರನ್ನು ಬಹಳ ಕಾಡಿತು. ಮಿಶನರಿಗಳು ತಮ್ಮ ಮಕ್ಕಳನ್ನು ಓದಿಗಾಗಿ ಯುರೋಪಿಗೆ ಕಳುಹಿಸಬೇಕಿತ್ತು. 1850ರ ದಶಕದಲ್ಲಿ ಅಂಥ ಮಕ್ಕಳಿಗಾಗಿ ಬಾಸೆಲ್‌ನಲ್ಲೇ ಒಂದು ನಿಲಯ ತೆರೆದರು. ಇಲ್ಲಿ ಹುಟ್ಟಿ, ಇಲ್ಲಿನ ಮಳೆಯಲ್ಲಿ ಆಡಿದ ಮಕ್ಕಳು ತಂದೆತಾಯಿಯ ಮುಖ ನೋಡದೆ ವರ್ಷಗಟ್ಟಲೆ ಅಲ್ಲಿ ಬೆಳೆದರು. ಮಲಯಾಳ ನಿಘಂಟಿನ ಗುಂಡರ್ಟ್ ಅವರ ಮಗಳು ಮರೀ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದವಳು. ಅವಳ ಬಾಲ್ಯವೂ ಹೆತ್ತವರಿಂದ ದೂರ ಯುರೋಪಿನಲ್ಲಿ ಕಳೆಯಿತು. ಅಪ್ಪ ಕೇಳಿದ ಮೊದಲ ಪ್ರಶ್ನೆ, “ಕಾಗದ ತಲುಪುವುದಕ್ಕೆ ಎಷ್ಟು ದಿನ?” ಸೂಯೆಜ್ ಕಾಲುವೆ ತೆರೆದದ್ದೇ 1869ರಲ್ಲಿ, ಅದಕ್ಕೆ ಮುಂಚೆ ವಾರಗಟ್ಟಲೆ ಹಿಡಿಯುತ್ತಿತ್ತು ಎಂದೆ. “ಹಾಗಾದರೆ ಮಗುವಿಗೆ ಜ್ವರ ಬಂದದ್ದು ತಾಯಿಗೆ ತಿಳಿಯುವಾಗ ಜ್ವರ ಬಿಟ್ಟಿರುತ್ತದೆ, ಇಲ್ಲವೆ ಮಗುವೇ ಇರುವುದಿಲ್ಲ” ಎಂದರು. ನಾವು ಮಿಶನ್ ಕೊಟ್ಟ ಹೆಂಚು, ನೇಯ್ಗೆ, ಶಾಲೆ, ನಿಘಂಟು ಎಂದು ಕೃತಜ್ಞತೆಯಿಂದ ಎಣಿಸುವಾಗ ಈ ಮಕ್ಕಳ ಲೆಕ್ಕ ಬಿಟ್ಟುಹೋಗುತ್ತದೆ. ನಿಮ್ಮ ತಂದೆಗೆ ಇದನ್ನು ಖಂಡಿತ ಹೇಳಿ.

ಮಂಗಳೂರಿನಿಂದ ಈ ದಾರಿ ಹಿಡಿದವರಲ್ಲಿ ನಾವು ಮೊದಲಿಗರೇನೂ ಅಲ್ಲ. ಆನಂದರಾವ್ ಕೌಂಡಿನ್ಯ 1840ರ ದಶಕದಲ್ಲಿಯೇ ಮೋಗ್ಲಿಂಗರೊಡನೆ ಬಾಸೆಲ್‌ಗೆ ಹೋಗಿ, ಅಲ್ಲಿ ಓದಿ, 1851ರಲ್ಲಿ ಬೋಧಕ ದೀಕ್ಷೆ ಪಡೆದರು. ನಿಮ್ಮ ತಂದೆಗೆ ಅವರ ಕಥೆ ಗೊತ್ತಿದ್ದರೂ ಗೊತ್ತಿರಬಹುದು, ಕೇಳಿ ನೋಡಿ.

ಇನ್ನು ವ್ಯವಸ್ಥೆಯ ಮಾತು. ಷೆಂಗೆನ್ ವೀಸಾ ಬೇಕು. ಜ್ಯೂರಿಕ್‌ನಲ್ಲಿ ಇಳಿದರೆ ರೈಲಿನಲ್ಲಿ ಸುಮಾರು ಒಂದೂಕಾಲು ಗಂಟೆ. ದಾಖಲೆಗಳನ್ನು ನೋಡಲು ಮೊದಲೇ ಮೇಲ್ ಬರೆದು ದಿನ ಗೊತ್ತುಮಾಡಿಕೊಳ್ಳಿ, ಏನು ಬೇಕೆಂದು ಆಗಲೇ ತಿಳಿಸಿ. ಹಳೆಯ ಚಿತ್ರಗಳನ್ನು ಅವರು ಅಂತರ್ಜಾಲದಲ್ಲಿ ಹಾಕಿದ್ದಾರೆ; ಹೊರಡುವ ಮುನ್ನ ಸಂಜೆ ಹೊತ್ತು ಅಪ್ಪನ ಪಕ್ಕ ಕುಳಿತು ನೋಡಿ, ಅವರು ಯಾವುದರ ಮುಂದೆ ನಿಲ್ಲುತ್ತಾರೋ ಅದರ ಸಂಖ್ಯೆ ಬರೆದಿಟ್ಟುಕೊಳ್ಳಿ. ಮನೆಯಲ್ಲಿ ಹಳೆಯ ಫೋಟೊ ಇದ್ದರೆ ಒಂದು ಪ್ರತಿ ಮಾಡಿಸಿ, ಹಿಂಬದಿಯಲ್ಲಿ ಎಲ್ಲರ ಹೆಸರು ಬರೆದು ಒಯ್ಯಿರಿ.