ಫ್ರಾನ್ಸಿನ ಲಿಮೋಜ್ ಊರಿನ ಸಂತ ಮಾರ್ಷಿಯಲ್ ನಿಜಕ್ಕೂ ಯೇಸುವಿನ ಶಿಷ್ಯರೇ?

ಅಲ್ಲ. 6ನೇ ಶತಮಾನದ ಇತಿಹಾಸಕಾರ, ತೂರ್‌ನ ಗ್ರೆಗರಿ ಬರೆದಿರುವ ಪ್ರಕಾರ, 3ನೇ ಶತಮಾನದಲ್ಲಿ ಗಾಲ್ ದೇಶಕ್ಕೆ (ಈಗಿನ ಫ್ರಾನ್ಸ್ ಸೀಮೆ) ಧರ್ಮಪ್ರಚಾರಕ್ಕೆ ಬಂದ ಏಳು ಬಿಷಪ್‌ಗಳಲ್ಲಿ ಇವರೂ ಒಬ್ಬರು. ಊರಿನ ಅಭಿಮಾನಕ್ಕೆ ಅಷ್ಟು ಸಾಲುತ್ತದೆಯೇ? ಆಮೇಲಿನ ಕಥೆಗಳು ಅವರನ್ನು ಸುಮಾರು ಇನ್ನೂರು ವರ್ಷ ಹಿಂದಕ್ಕೆ ಒಯ್ದು ಯೇಸುವಿನ ಕೊನೆಯ ಭೋಜನದಲ್ಲೇ ಕೂರಿಸಿದವು. 11ನೇ ಶತಮಾನದಲ್ಲಿ ಅದೆಮಾರ್ ಎಂಬ ಸನ್ಯಾಸಿ ಇದಕ್ಕಾಗಿ ದಾಖಲೆಗಳನ್ನೇ ಖೋಟಾ ಮಾಡಿದ. 1029ರಲ್ಲಿ ಇಟಲಿಯ ಸನ್ಯಾಸಿಯೊಬ್ಬ ಎಲ್ಲರೆದುರು ಪ್ರಶ್ನಿಸಿದರೂ ಆಸಾಮಿ ಪಟ್ಟು ಬಿಡಲಿಲ್ಲ!

ಜನರ ಭಕ್ತಿಯ ಕಥೆ ಬೇರೆ. 994ರಲ್ಲಿ ಆ ಸೀಮೆಯಲ್ಲಿ ಮೈ ಸುಡುವ ರೋಗ ಹಬ್ಬಿತು. ಬೂಷ್ಟು ಹಿಡಿದ ರೈ ಧಾನ್ಯದ ವಿಷವೇ ಕಾರಣ ಎನ್ನುತ್ತಾರೆ. ಆಗ ಸಂತರ ಅಸ್ಥಿಯನ್ನು ಹೊರತಂದು ಪ್ರಾರ್ಥಿಸಿದರು. ಅಲ್ಲಿಂದ ಬೆಳೆದ ಮೆರವಣಿಗೆಗಳು ಈಗಲೂ ಏಳು ವರ್ಷಕ್ಕೊಮ್ಮೆ ನಡೆಯುತ್ತವೆ. 2013ರಲ್ಲಿ ಯುನೆಸ್ಕೊದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೂ ಸೇರಿದವು.