ನನ್ ಮಗಳು ಬರೀ ನಕ್ಳು ಅಷ್ಟೇ, ಅದೂ ಬುಲ್ಲಿಯಿಂಗಾ?

ಪ್ರಶ್ನೆ: ಮೇಡಂ, ನಾವಿರೋದು ಮಂಡ್ಯ ಟೌನಲ್ಲಿ. ಮಗಳು 7ನೇ ಕ್ಲಾಸು, 12 ವರ್ಷ. ಈ ವರ್ಷ ಅವಳ ಕ್ಲಾಸಿಗೆ ಪಾಂಡವಪುರದ ಕಡೆ ಹಳ್ಳಿಯಿಂದ ಒಂದು ಹುಡುಗಿ ಹೊಸದಾಗಿ ಸೇರಿದ್ದಾಳೆ. ಅವಳು 'ಹಾಲು' ಅನ್ನೋದಕ್ಕೆ 'ಆಲು' ಅಂತಾಳೆ ಅಂತ ನಾಲ್ಕೈದು ಹುಡುಗೀರು ಸೇರ್ಕೊಂಡು ಆ ಹೆಸರಲ್ಲೇ ಕೂಗೋದು, ಅವಳ ಫೋಟೋಗೆ ಆಲೂಗಡ್ಡೆ ಅಂಟಿಸಿ ಸ್ಟಿಕರ್ ಮಾಡಿ ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಹಾಕೋದು, ಮೂರು ತಿಂಗಳಿಂದ ಇದೇ ನಡೆದಿದೆಯಂತೆ. ಈಗ ಮೂರು ವಾರದಿಂದ ಆ ಮಗು ಸ್ಕೂಲಿಗೇ ಬರ್ತಿಲ್ಲ. ಮಿಸ್ ನಮ್ಮನ್ನೂ ಕರೆಸಿದ್ರು. ನನ್ನ ಫೋನಲ್ಲಿ ಗ್ರೂಪ್ ತೆಗೆದು ನೋಡಿದ್ರೆ ಪ್ರತಿ ಸ್ಟಿಕರಿಗೂ ನನ್ ಮಗಳದ್ದು ನಗೋ ಇಮೋಜಿ. 'ಎಲ್ರೂ ನಕ್ರು, ನಾನೂ ನಕ್ಕೆ, ನಾನೇನು ಮಾಡ್ದೆ' ಅಂತಾಳೆ. ಅವಳ ಪರ ಮಾತಾಡಿದ್ರೆ ನನ್ನನ್ನೂ ಹಿಡ್ಕೋತಾರೆ ಅಂತ ಅಳ್ತಾಳೆ. ನಮ್ಮತ್ತೆನೂ ಮನೇಲಿ ಆಲು, ಊವು ಅಂತಲೇ ಮಾತಾಡೋದು. ಇವಳಿಗೆ ಹೆಂಗೆ ಅರ್ಥ ಮಾಡಿಸ್ಲಿ?

ಉತ್ತರ: ಹೌದಮ್ಮ, ನಕ್ಕಿದ್ದೂ ಅದರಲ್ಲಿ ಸೇರುತ್ತೆ. ಹಂಗಂತ ನಿಮ್ಮ ಮಗಳು ಕೆಟ್ಟವಳು ಅಂತಲ್ಲ, ಅವಳು ಅಳ್ತಾ ಹೇಳಿದ ಮಾತಲ್ಲೇ ಅವಳಿಗೆ ಇದು ಸರಿ ಇಲ್ಲ ಅಂತ ಗೊತ್ತು ಅನ್ನೋದಿದೆ, ಗೊತ್ತಿಲ್ದೆ ಇದ್ದಿದ್ರೆ ಭಯ ಯಾಕೆ ಆಗ್ತಿತ್ತು? ನಾನು ಮೈಸೂರಲ್ಲಿ ಸ್ಕೂಲ್ ಕೌನ್ಸೆಲರ್ ಆಗಿ ಕೆಲಸ ಮಾಡೋದು, ಗೋಳು ಹುಯ್ಕೊಳ್ಳೋ ಮಕ್ಕಳ ಅಪ್ಪಅಮ್ಮ ಬರ್ತಾರೆ, ಗೋಳಿಗೆ ಸಿಕ್ಕ ಮಕ್ಕಳ ಅಪ್ಪಅಮ್ಮ ಬರ್ತಾರೆ, ಪಕ್ಕದಲ್ಲಿ ನಿಂತು ನಕ್ಕ ಮಗುವಿನ ತಾಯಿ ತಾನಾಗೇ ಬಂದು ಕೇಳೋದು ತುಂಬಾ ಅಪರೂಪ. ನೀವು ಕೇಳಿದ್ದು ನನಗೆ ನಿಜವಾಗ್ಲೂ ದೊಡ್ಡ ವಿಷಯ.

ಮೊದ್ಲು ತಮಾಷೆ ಯಾವುದು, ಬುಲ್ಲಿಯಿಂಗ್ ಯಾವುದು ಅನ್ನೋದು ಅವಳಿಗೆ ಬಿಡಿಸಿ ಹೇಳಿ. ನಾರ್ವೆ ದೇಶದಲ್ಲಿ ಡಾನ್ ಓಲ್ವೇಯಸ್ ಅನ್ನೋ ಮನಶ್ಶಾಸ್ತ್ರಜ್ಞರು 1970ರ ದಶಕದಿಂದ ಇದನ್ನೇ ಸ್ಟಡಿ ಮಾಡಿದ್ರು, ಅವರು ಹೇಳಿದ ಮೂರು ಗುರುತನ್ನೇ ನಾವೆಲ್ಲ ಇವತ್ತಿಗೂ ಬಳಸ್ತೀವಿ: ನೋವಾಗ್ಲಿ ಅಂತಲೇ ಮಾಡೋದು, ಮತ್ತೆ ಮತ್ತೆ ಮಾಡೋದು, ಎದುರಿಗಿರೋರು ತಿರುಗಿಸಿ ಕೊಡೋಕಾಗದ ಸ್ಥಿತೀಲಿರೋದು. ಇಬ್ರು ಫ್ರೆಂಡ್ಸ್ ಒಬ್ಬರನ್ನೊಬ್ಬರು ರೇಗಿಸ್ಕೋತಾರೆ, ಜಗಳ ಆಡಿ ಠೂ ಬಿಡ್ತಾರೆ, ಸಂಜೆಗೆ ಮತ್ತೆ ಒಂದಾಗ್ತಾರೆ, ಅದು ಬೇರೆ. ಇಲ್ಲಿ ಒಬ್ಬಳು ಹೊಸಬಳು, ಆ ಕಡೆ ಐದು ಜನ, ಹಿಂದೆ ನಗೋಕೆ ಇಡೀ ಗ್ರೂಪು. ಅವಳು ತಿರುಗಿ ಏನಾದ್ರೂ ಅಂದ್ರೂ 'ಆಲು'ನೇ ಅಂದ್ಬಿಡ್ತೀನೇನೋ ಅಂತ ಬಾಯೇ ತೆಗೆದಿರಲ್ಲ ಆ ಮಗು, ಅದನ್ನ ಒಂದ್ಸಲ ಊಹೆ ಮಾಡ್ಕೊಳ್ಳೋಕೆ ಹೇಳಿ ನಿಮ್ಮ ಮಗಳಿಗೆ.

ಈಗ ನಗುವಿನ ವಿಷಯ. ಫಿನ್ಲೆಂಡಿನ ಕ್ರಿಸ್ಟೀನಾ ಸಾಲ್ಮಿವಾಲ್ಲಿ ಅನ್ನೋ ಸಂಶೋಧಕಿ 1996ರಲ್ಲೇ ತೋರಿಸಿದ್ರು, ಕ್ಲಾಸಲ್ಲಿ ಬುಲ್ಲಿಯಿಂಗ್ ನಡೆದಾಗ ಇಬ್ಬರೇ ಇರಲ್ಲ, ಜೊತೆಗೆ ಕೈ ಸೇರಿಸೋರು, ನಕ್ಕು ಹುರಿದುಂಬಿಸೋರು, ಕಂಡೂ ಕಾಣದಂಗೆ ಇರೋರು, ಪರವಾಗಿ ನಿಲ್ಲೋರು ಅಂತ ಎಲ್ಲರಿಗೂ ಒಂದೊಂದು ಪಾತ್ರ ಇರುತ್ತೆ. ಆ ಸ್ಟಿಕರ್ ಹಾಕಿದ ಹುಡುಗಿಗೆ ಬೇಕಾಗಿದ್ದಿದ್ದು ಆ ಹೊಸ ಹುಡುಗಿಯ ಕಣ್ಣೀರಲ್ಲ, ನಿಮ್ಮ ಮಗಳಂಥೋರ ನಗು. ಮೊದಲನೇ ಸ್ಟಿಕರಿಗೆ ಯಾರೂ ನಗದೇ ಇದ್ದಿದ್ರೆ ಎರಡನೇದು ಬರ್ತಿತ್ತಾ? 12-13ರ ವಯಸ್ಸಲ್ಲಿ ಮಕ್ಕಳಿಗೆ ಗುಂಪಲ್ಲಿ ನನಗೊಂದು ಜಾಗ ಇದೆಯಾ ಅನ್ನೋದೇ ಎಲ್ಲಕ್ಕಿಂತ ದೊಡ್ಡ ಚಿಂತೆ, ಅದಕ್ಕೇ ನಗ್ತಾರೆ, ಕ್ರೂರತನಕ್ಕಲ್ಲ. ಆದ್ರೆ ನೋವು ಬಿದ್ದ ಕಡೆ ಅದು ಒಂದೇ ಥರ ಬೀಳುತ್ತೆ.

ಅವಳ ಭಯ ಸುಳ್ಳು ಅಂತ ಮಾತ್ರ ಹೇಳ್ಬೇಡಿ. 'ಧೈರ್ಯವಾಗಿ ಎದುರು ನಿಂತ್ಕೋ' ಅಂತ ನಾವು ಸುಲಭವಾಗಿ ಹೇಳ್ಬಿಡ್ತೀವಿ, ಐದು ಜನರ ಮುಂದೆ 12ರ ಹುಡುಗಿ ಒಬ್ಬಳೇ ನಿಲ್ಲೋದು ಆಗೋ ಮಾತಲ್ಲ. ಕೆನಡಾದಲ್ಲಿ ಸ್ಕೂಲ್ ಮೈದಾನಗಳಲ್ಲಿ ಕ್ಯಾಮೆರಾ ಇಟ್ಟು ಮಾಡಿದ ಒಂದು ಅಧ್ಯಯನ 2001ರಲ್ಲಿ ಬಂತು, ಅದರಲ್ಲಿ ಬೇರೆ ಮಕ್ಕಳು ಮಧ್ಯೆ ಬಂದಿದ್ದೇ ಕಮ್ಮಿ, ಆದ್ರೆ ಬಂದಾಗ ಅರ್ಧಕ್ಕಿಂತ ಜಾಸ್ತಿ ಸಲ 10 ಸೆಕೆಂಡ್ ಒಳಗೆ ನಿಂತುಹೋಗಿತ್ತು. ಮಧ್ಯೆ ಬರೋದು ಅಂದ್ರೆ ಭಾಷಣ ಮಾಡೋದೇ ಆಗ್ಬೇಕಿಲ್ಲ. ನಗದೇ ಇರೋದು ಮೊದಲನೇ ಹೆಜ್ಜೆ. 'ಬಾರೇ, ನೀರು ಕುಡ್ಕೊಂಡು ಬರಣ' ಅಂತ ಆ ಹುಡುಗೀನ ಅಲ್ಲಿಂದ ಕರ್ಕೊಂಡು ಹೋಗ್ಬಿಡೋದು, ಊಟದ ಹೊತ್ತಲ್ಲಿ ಡಬ್ಬಿ ತಗೊಂಡು ಅವಳ ಪಕ್ಕ ಕೂರೋದು, ಒಬ್ಬಳೇ ಬೇಡ, ಇನ್ನೊಬ್ಬ ಫ್ರೆಂಡನ್ನ ಜೊತೆ ಮಾಡ್ಕೊಳ್ಲಿ, ಇಬ್ಬರಾದ್ರೆ ಭಯ ಅರ್ಧ. ಮನೇಲಿ ನೀವೇ ಆ ಜೋರಿನ ಹುಡುಗಿ ಆಗಿ, ಅವಳ ಹತ್ರ ಆ ಮಾತು ಆಡಿಸಿ ನೋಡಿ, ಎರಡ್ಮೂರು ಸಲ ಬಾಯಲ್ಲಿ ಬಂದ ಮಾತು ಸ್ಕೂಲಲ್ಲೂ ಬರುತ್ತೆ.

ಮಿಸ್ಸಿಗೆ ಹೇಳಿದ್ರೆ ಚಾಡಿ ಅಂತಾರೆ ಅನ್ನೋದು ಈ ವಯಸ್ಸಿನ ಮಕ್ಕಳ ದೊಡ್ಡ ಅಳುಕು. ಒಬ್ಬರಿಗೆ ಏಟು ಬೀಳ್ಲಿ ಅಂತ ಹೇಳಿದ್ರೆ ಚಾಡಿ, ಒಬ್ಬರಿಗೆ ಬೀಳ್ತಿರೋ ಏಟು ನಿಲ್ಲಲಿ ಅಂತ ಹೇಳಿದ್ರೆ ಅದು ಚಾಡಿ ಅಲ್ಲ, ಇದನ್ನ ಅವಳ ತಲೆಗೆ ಹೋಗೋವರೆಗೂ ಹೇಳಿ.

ಇನ್ನು ನಿಮ್ಮತ್ತೆ ವಿಷಯ, ಅದನ್ನ ನೀವು ಕೊನೇಲಿ ಬರೆದಿದ್ದೀರಿ, ನನಗೆ ಅದೇ ಮುಖ್ಯ ಅನ್ನಿಸ್ತು. ಹಳಗನ್ನಡದಲ್ಲಿ ಹಾಲಿಗೆ 'ಪಾಲ್' ಅಂತಿದ್ರು, ಹೂವಿಗೆ 'ಪೂ'. ಪಕಾರ ಹೋಗಿ ಹಕಾರ ಬಂತು, 'ಹಾಲು' ಆಯ್ತು. ನಮ್ ಮಂಡ್ಯ ಸೀಮೆ ಜನರ ಬಾಯಲ್ಲಿ ಆ ಹಕಾರನೂ ಹೋಗಿ 'ಆಲು' ಆಯ್ತು. ಅಂದ್ರೆ ಆ ಹುಡುಗಿ ಆಡಿದ್ದು ತಪ್ಪು ಕನ್ನಡ ಅಲ್ಲ, ಅದೇ ದಾರೀಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿರೋ ಕನ್ನಡ. ಇದನ್ನ ಅಜ್ಜಿ ಪಕ್ಕ ಕೂರಿಸ್ಕೊಂಡೇ ಹೇಳಿ. 'ಆ ಸ್ಟಿಕರಲ್ಲಿ ನಮ್ಮಜ್ಜಿ ಫೋಟೋ ಇದ್ದಿದ್ರೆ?' ಅಂತ ಕೇಳಿ ಸುಮ್ನಾಗ್ಬಿಡಿ, ಉತ್ತರ ಅವಳೇ ಕೊಡ್ಲಿ. ಬೈಬೇಡಿ, ಹೊಡಿಬೇಡಿ, ಜೋರಿರೋರು ಇಲ್ಲದೋರನ್ನ ಬಗ್ಗಿಸ್ಬೋದು ಅನ್ನೋ ಪಾಠನೇ ನಾವು ಮನೇಲಿ ಮತ್ತೆ ಕಲಿಸ್ದಂಗೆ ಆಗುತ್ತೆ.

ಸ್ಕೂಲಿನವರು ಎಲ್ರನ್ನೂ ಸಾಲಾಗಿ ನಿಲ್ಲಿಸಿ ಆ ಹುಡುಗಿಗೆ ಸಾರಿ ಹೇಳ್ಸಿ ಕೈ ಕುಲುಕ್ಸೋಕೆ ಹೊರಟ್ರೆ ದಯವಿಟ್ಟು ಬೇಡ ಅನ್ನಿ. ಸಮಾನರ ಜಗಳಕ್ಕೆ ರಾಜಿ ಸರಿ, ಇದಕ್ಕಲ್ಲ, ಎಲ್ಲರ ಮುಂದೆ ಮತ್ತೊಂದ್ಸಲ ನಿಲ್ಲೋದೇ ಆ ಮಗುಗೆ ಶಿಕ್ಷೆ. ಅದರ ಬದ್ಲು ಕ್ಲಾಸಲ್ಲಿ ಸ್ಕೂಲಿನ ನಕ್ಷೆ ಬರೆಸಿ, ಎಲ್ಲಿ ಹೋಗೋಕೆ ಭಯ ಆಗುತ್ತೆ ಅಂತ ಹೆಸರು ಬರೀದೆ ಗುರುತು ಹಾಕ್ಸೋಕೆ ಹೇಳಿ, ವ್ಯಾನಿನ ಹಿಂದಿನ ಸೀಟು, ಟಾಯ್ಲೆಟ್ ಹತ್ರ, ನೀರಿನ ಟ್ಯಾಂಕ್ ಹಿಂದೆ, ದೊಡ್ಡೋರು ಇರದ ಜಾಗ ಎಲ್ಲಾ ಹೊರಗೆ ಬರುತ್ತೆ. ಅಲ್ಲಿ ಒಬ್ಬ ಟೀಚರ್ ನಿಂತ್ರೆ ಅರ್ಧ ಕೆಲಸ ಆಯ್ತು.

ಫೋನಿನ ಬಗ್ಗೆ ಒಂದೇ ಮಾತು, ವಾಟ್ಸಾಪಿನವರೇ 13 ವರ್ಷ ತುಂಬಿರ್ಬೇಕು ಅಂತಾರೆ. ಆ ಗ್ರೂಪಿನ ಸ್ಕ್ರೀನ್‌ಶಾಟ್ ತೆಗೆದು ಮಿಸ್ಸಿಗೆ ಮಾತ್ರ ತೋರ್ಸಿ, ಬೇರೆ ತಾಯಂದಿರಿಗೆ ಕಳಿಸ್ಬೇಡಿ, ಆಮೇಲೆ ಇವಳನ್ನ ಅದರಿಂದ ಹೊರಗೆ ತನ್ನಿ.

ಆ ಹುಡುಗಿ ಮನೆಯವರಿಗೆ ಮಕ್ಕಳ ಸಹಾಯವಾಣಿ 1098, ಮನಸ್ಸಿನ ತೊಂದ್ರೆಗೆ ಟೆಲಿ ಮಾನಸ್ 14416 ನಂಬರ್ ತಲುಪಿಸೋಕೆ ಮಿಸ್ಸಿಗೆ ಹೇಳಿ, ಎರಡೂ ಫ್ರೀ, ಯಾವ ಹೊತ್ತಲ್ಲಾದ್ರೂ ಮಾಡ್ಬೋದು. ಅವರಮ್ಮ ಒಪ್ಪಿದ್ರೆ ಮಾತ್ರ ಒಂದು ಭಾನುವಾರ ನೀವೂ ಮಗಳೂ ಹೋಗ್ಬನ್ನಿ. ಸಾರಿ ಅನ್ನೋದು ಅವಳ ಬಾಯಿಂದ ತಾನಾಗೇ ಬಂದ್ರೆ ಬರ್ಲಿ, ನೀವು ತಿವಿದು ಹೇಳಿಸ್ಬೇಡಿ. ಆ ಮಗು ಸ್ಕೂಲಿಗೆ ಹೋಗ್ದೆ ಮೂರು ವಾರ ಆಯ್ತಲ್ಲ, ಅಷ್ಟೂ ದಿನದ ನೋಟ್ಸನ್ನ ಇವಳು ತನ್ನ ಕೈಯಾರೆ ಬರ್ಕೊಂಡು ತಗೊಂಡು ಹೋಗ್ಲಿ.