ಮೇಯರ್ ಮಾತು ಬಿಡಿ, ವಾರ್ಡಿನ ಚರಂಡಿ ನೋಡಿ

ಪ್ರಶ್ನೆ: ಮೈಸೂರಿಗೆ ಪರಿಸರ ಕಾಳಜಿ ಇರುವ ಮೇಯರ್ ಬೇಕು. ಯಾರಿಗೆ ವೋಟು ಹಾಕಲಿ?

ಪಾಲಿಕೆ ಚುನಾವಣೆ ಮಾತು ಬಂದಾಗಲೆಲ್ಲ ಇದೇ ಪ್ರಶ್ನೆ. ನೀವು ಮೇಯರ್‌ಗೆ ವೋಟು ಹಾಕುವುದೇ ಇಲ್ಲ! ಹಾಕುವುದು ವಾರ್ಡಿನ ಕಾರ್ಪೊರೇಟರ್‌ಗೆ. 2018ರಲ್ಲಿ 65 ವಾರ್ಡುಗಳಿಂದ ಗೆದ್ದವರು, ಜೊತೆಗೆ ಇಲ್ಲಿನ ಶಾಸಕರು, ಸಂಸದರು ಸೇರಿ ಮೇಯರ್ ಆರಿಸಿದರು. ಆ ಕುರ್ಚಿ ಯಾವ ವರ್ಗಕ್ಕೆ ಮೀಸಲು ಅಂತ ಹೇಳುವುದು ಸರ್ಕಾರ. ಹಾಗಾಗಿ ಮನೆ ಬಾಗಿಲಿಗೆ ವೋಟು ಕೇಳಲು ಬಂದವರನ್ನೇ ನಿಲ್ಲಿಸಿ ಕೇಳಿ.

"ಕೆರೆ ಉಳಿಸ್ತೀನಿ" ಅಂದರೆ, ಯಾವ ಕೆರೆ ಸ್ವಾಮಿ, ಹೇಗೆ ಅನ್ನಿ. ಕುಕ್ಕರಹಳ್ಳಿ ಕೆರೆ ಮೈಸೂರು ವಿಶ್ವವಿದ್ಯಾನಿಲಯದ್ದು. ಕಾರಂಜಿ ಕೆರೆ ಮೃಗಾಲಯದವರ ಕೈಯಲ್ಲಿದೆ. ಲಿಂಗಾಂಬುಧಿ ಅರಣ್ಯ ಇಲಾಖೆಯವರದು. ಕಾರ್ಪೊರೇಟರ್ ಮಾತು ಅಲ್ಲಿ ಜಾಸ್ತಿ ನಡೆಯುವುದಿಲ್ಲ. ಆದರೆ ಕೆರೆ ಕೆಡುವುದು ಮೇಲಿನ ಬಡಾವಣೆಗಳಿಂದ. ಯುಜಿಡಿ, ಅಂದರೆ ನೆಲದಡಿಯ ಒಳಚರಂಡಿ, ಕಟ್ಟಿಕೊಳ್ಳುತ್ತದೆ, ಮ್ಯಾನ್‌ಹೋಲ್ ಉಕ್ಕುತ್ತದೆ, ಆ ಕೊಳಚೆ ಮಳೆನೀರಿನ ಚರಂಡಿಗೆ ಇಳಿದು ಕೆರೆ ಸೇರುತ್ತದೆ. ಅದನ್ನುಂಡು ಪಾಚಿ, ಕಳೆ ಬೆಳೆಯುತ್ತವೆ. ಅವು ಕೊಳೆಯುವಾಗ ನೀರಿನ ಆಮ್ಲಜನಕ ಮುಗಿದು ಮೀನು ಸಾಯುತ್ತವೆ. ಪಾಲಿಕೆ ವ್ಯಾಪ್ತಿಯ ಯುಜಿಡಿ, ಚರಂಡಿ ನೋಡಿಕೊಳ್ಳುವುದು ಪಾಲಿಕೆಯದೇ ಕೆಲಸ. "ನಮ್ಮ ವಾರ್ಡಲ್ಲಿ ಕೊಳಚೆ ಎಲ್ಲಿ ಚರಂಡಿ ಸೇರುತ್ತೆ, ಬಂದು ತೋರಿಸಿ" ಅನ್ನಿ. ಜಾಗ ಗೊತ್ತಿದ್ದವರಿಗೆ ನನ್ನ ವೋಟು, ಪಕ್ಷ ಯಾವುದೇ ಇರಲಿ. ಹಿಂದೆ ಗೆದ್ದಿದ್ದವರಾದರೆ ಅದಕ್ಕೆ ಎಷ್ಟು ದುಡ್ಡು ಹಾಕಿಸಿದರು ಅಂತಲೂ ಕೇಳಿ.

ಇನ್ನು ಕೆರೆಗೆ ಏನೋ ಪುಡಿ, ದ್ರಾವಣ ಸುರಿದು ಸ್ವಚ್ಛ ಮಾಡ್ತೀವಿ ಅನ್ನುವವರು ಇದ್ದಾರೆ. ದಯವಿಟ್ಟು ನಂಬಬೇಡಿ. ಕೊಳಚೆ ಬರುತ್ತಲೇ ಇದ್ದರೆ ಅದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಇಂಥವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಫೋಟೊ ತೆಗೆಸಿಕೊಳ್ಳುವ ಅಭ್ಯರ್ಥಿಯಿಂದ ನಾನಂತೂ ದೂರ.

ಪ್ರಶ್ನೆ: ಸಸಿ ಹಂಚುವವರು ಪರಿಸರವಾದಿಗಳು ಅಲ್ವಾ?

ಅಲ್ಲ. ಮೂರು ಬೇಸಿಗೆ ನೀರು ಹಾಕಿದವರಿದ್ದರೆ ಹೇಳಿ.

ಪ್ರಶ್ನೆ: ನಮ್ಮದು ಸ್ವಚ್ಛ ನಗರ. ಕಸದ ಬಗ್ಗೆ ಯಾಕೆ ಕೇಳಬೇಕು?

2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ಮೊದಲ ಸ್ಥಾನ ಬಂತು, ನಿಜ. ಆದರೆ ವಿದ್ಯಾರಣ್ಯಪುರಂನಲ್ಲಿ ಊರಿನ ಕಸ ತಂದು ಸುರಿದ ಸೂಯೆಜ್ ಫಾರಂ ಪಕ್ಕ ಇರುವವರನ್ನು ಒಮ್ಮೆ ಮಾತಾಡಿಸಿ.

ಪ್ರಶ್ನೆ: ಮರ ಕಡಿಯುವುದನ್ನು ಕಾರ್ಪೊರೇಟರ್ ತಡೆಯಬಹುದೇ?

ಅನುಮತಿ ಕೊಡುವುದು ಅರಣ್ಯ ಇಲಾಖೆ. ಆದರೆ ರಸ್ತೆ ಅಗಲ ಮಾಡುವ ವಿಷಯ ಪಾಲಿಕೆ ಸಭೆಗೆ ಬಂದಾಗ ಎದ್ದು ನಿಲ್ಲಬಹುದು. 2025ರಲ್ಲಿ ಹೈದರಾಲಿ ರಸ್ತೆಯ 40 ಮರ ಉರುಳಿದಾಗ ಪಾಲಿಕೆಯಲ್ಲಿ ಚುನಾಯಿತ ಸದಸ್ಯರೇ ಇರಲಿಲ್ಲ. ಅವರ ಅವಧಿ 2023ಕ್ಕೇ ಮುಗಿದಿತ್ತು. ಆ ದಾರಿಯಲ್ಲಿ ಹೋಗುವಾಗ ನನಗೆ ಈಗಲೂ ಸಂಕಟವಾಗುತ್ತದೆ.